ಕೇಳಿದ ಹಾಗಿದೆ ಅಂದ ಮಾತ್ರಕ್ಕೆ ಕದ್ದದ್ದೇ?



ಹೊಸ ಹಾಡೊಂದು ಬಿಡುಗಡೆಯಾದ ಮರುದಿನವೇ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡಲು ಶುರುವಾಗುತ್ತದೆ: "ಇದು ಅದರದ್ದೇ ಕಾಪಿ!" ಜೊತೆಗೆ ಎರಡು ಹಾಡುಗಳನ್ನು ಅಕ್ಕಪಕ್ಕ ಅಂಟಿಸಿದ ಮೂವತ್ತು ಸೆಕೆಂಡಿನ ವಿಡಿಯೊ. ಅದರ ಕೆಳಗೆ ನಗುವ ಮುಖಗಳು, ಬೈಗುಳಗಳು. ಯಾರು ಯಾರಿಂದ ತೆಗೆದುಕೊಂಡರು, ನಿಜವಾಗಿ ತೆಗೆದುಕೊಂಡರೋ ಇಲ್ಲವೋ ಎಂದು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಗಡಿಯಲ್ಲಿರುವ ನಮಗೆ ಈ ಚರ್ಚೆ ಸ್ವಲ್ಪ ಹೆಚ್ಚೇ ಹತ್ತಿರದ್ದು. ರಾಯದುರ್ಗದಲ್ಲಿ ಇರಲಿ, ಮಡಕಶಿರಾದಲ್ಲಿ ಇರಲಿ, ಒಂದೇ ಮನೆಯಲ್ಲಿ ಅಜ್ಜಿಗೆ ಕನ್ನಡದ ಹಾಡು ಬೇಕು, ಮೊಮ್ಮಗನಿಗೆ ತೆಲುಗಿನದು. ಒಂದೇ ಟ್ಯೂನು ಎರಡು ಭಾಷೆಯಲ್ಲಿ ಕಿವಿಗೆ ಬೀಳುವುದು ನಮಗೆ ಹೊಸದಲ್ಲ. ಕೆಜಿಎಫ್‌ನಂತಹ ಚಿತ್ರದ ಹಾಡು ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ರೀತಿ ಕೇಳಿಸುತ್ತದೆ. ಅದು ಕಳ್ಳತನವಲ್ಲ, ಒಂದೇ ತಂಡ ತನ್ನದೇ ಹಾಡನ್ನು ಎರಡು ಭಾಷೆಯಲ್ಲಿ ಕೊಟ್ಟಿದೆ, ಅಷ್ಟೆ. ಇನ್ನು ನಮ್ಮ ಗಾನವೃಂದಗಳಲ್ಲಿ ತೆಲುಗು ಕ್ರೈಸ್ತ ಗೀತೆಯ ರಾಗಕ್ಕೆ ಕನ್ನಡದ ಮಾತು ಕೂರಿಸಿ ಹಾಡುವ ರೂಢಿ ನಮ್ಮ ಹಿರಿಯರ ಕಾಲದಿಂದ ಇದೆ. ಹಾಗಾದರೆ ಅದೇನು? ಆ ಪ್ರಶ್ನೆಯನ್ನು ಮಾತ್ರ ನಾವು ಯಾರೂ ಕೇಳಿಕೊಳ್ಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಎರಡು ಹಾಡು ಒಂದೇ ಥರ ಕೇಳಿಸುವುದು ತಾನಾಗಿ ಕಳ್ಳತನವಾಗುವುದಿಲ್ಲ. ಆದರೆ ಒಬ್ಬರದ್ದನ್ನು ತೆಗೆದುಕೊಂಡು ಅವರ ಹೆಸರನ್ನು ಮುಚ್ಚಿಡುವುದು, ಹಾಡು ಎಷ್ಟೇ ಪವಿತ್ರವಾಗಿದ್ದರೂ, ಸರಿಯಲ್ಲ. ಮೊದಲನೆಯ ಮಾತು ನಾವು ಬೇರೆಯವರ ಮೇಲೆ ಬೆರಳು ತೋರಿಸುವಾಗ ನೆನಪಿಡಬೇಕಾದದ್ದು. ಎರಡನೆಯದು ನಾವೇ ಹಾಡುವಾಗ ನೆನಪಿಡಬೇಕಾದದ್ದು.

ವರಾಹರೂಪಂ ಪ್ರಕರಣ

ನಮಗೆಲ್ಲ ಗೊತ್ತಿರುವ ಉದಾಹರಣೆಯಿಂದಲೇ ಶುರುಮಾಡೋಣ. 'ಕಾಂತಾರ' ಚಿತ್ರ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಿಡುಗಡೆಯಾಯಿತು. ಎರಡು ವಾರ ಕಳೆದು ಅಕ್ಟೋಬರ್ 15ಕ್ಕೆ ತೆಲುಗಿನಲ್ಲೂ ಬಂತು. ಅದರ 'ವರಾಹರೂಪಂ' ಹಾಡು ಎಲ್ಲರ ಬಾಯಲ್ಲೂ ಇತ್ತು. ಸಂಗೀತ ಅಜನೀಶ್ ಲೋಕನಾಥ್ ಅವರದು. ಅದೇ ತಿಂಗಳ ಕೊನೆಯಲ್ಲಿ ಕೇರಳದ 'ತೈಕ್ಕುಡಂ ಬ್ರಿಡ್ಜ್' ಎಂಬ ಬ್ಯಾಂಡ್, ಇದು ಕೆಲವು ವರ್ಷ ಹಿಂದೆ ತಾವು ಮಾಡಿದ್ದ 'ನವರಸಂ' ಹಾಡಿನಿಂದ ತೆಗೆದದ್ದು ಎಂದು ಬಹಿರಂಗವಾಗಿ ದೂರಿತು. ಅಕ್ಟೋಬರ್ 28ರಂದು ಕೋಯಿಕ್ಕೋಡ್ ಜಿಲ್ಲಾ ನ್ಯಾಯಾಲಯ, ಬ್ಯಾಂಡಿನ ಅನುಮತಿ ಇಲ್ಲದೆ ಹಾಡನ್ನು ಬಳಸಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮ್‌ಗೆ ಬಂದಾಗ ಆ ಜಾಗದಲ್ಲಿ ಬೇರೆ ಟ್ಯೂನು ಕೇಳಿಸಿತು. ಥಿಯೇಟರಿನಲ್ಲಿ ಮೈ ಜುಮ್ಮೆಂದದ್ದು ಮೊಬೈಲಿನಲ್ಲಿ ಆಗಲಿಲ್ಲ ಎಂದು ಎಷ್ಟು ಜನ ಬೇಸರಪಟ್ಟರು, ನೆನಪಿದೆಯಲ್ಲವೇ?

ಆಮೇಲೆ ದಾವೆಯನ್ನು ಯಾವ ನ್ಯಾಯಾಲಯ ಕೇಳಬೇಕೆಂಬ ಅಧಿಕಾರ ವ್ಯಾಪ್ತಿಯ ಪ್ರಶ್ನೆ ಎದ್ದಿತು. ತಡೆ ತೆರವಾಗಿ ಹಾಡು ಮರಳಿ ಬಂತು. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ನಿರ್ಮಾಪಕ ಮತ್ತು ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ಕೊಡುವಾಗ, ಆ ಹಾಡಿನೊಂದಿಗೆ ಚಿತ್ರ ತೋರಿಸಬಾರದು ಎಂಬ ಷರತ್ತು ಹಾಕಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತಿಗೆ ತಡೆ ಕೊಟ್ಟಿತು. ಇದೆಲ್ಲವೂ ಮಧ್ಯಂತರದ ಮಾತು. ಆದೇಶ ಬಂದಾಗ "ಕದ್ದದ್ದು ಸಾಬೀತಾಯಿತು" ಎಂದು ಒಂದು ಕಡೆಯವರು ಕುಣಿದರು. ತಡೆ ಹೋದಾಗ "ನಿರಪರಾಧಿ" ಎಂದು ಇನ್ನೊಂದು ಕಡೆಯವರು ಕುಣಿದರು. ಎರಡೂ ತಪ್ಪು. ಮಧ್ಯಂತರ ಆದೇಶ ಎಂದರೆ ವಿಚಾರಣೆ ಮುಗಿಯುವವರೆಗೆ ಯಾರಿಗೂ ಸರಿಪಡಿಸಲಾಗದ ನಷ್ಟ ಆಗದಿರಲಿ ಎಂಬ ಏರ್ಪಾಡು, ತೀರ್ಪು ಅಲ್ಲ.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ವಾದದ ತಿರುಳು. ಒಂದೇ ಬಗೆಯ ರಾಗಗಳ ನೆರಳು ಎರಡೂ ಹಾಡಿನಲ್ಲಿ ಇರುವುದರಿಂದ ಹಾಗೆ ಕೇಳಿಸುತ್ತದೆ, ಸಂಯೋಜನೆ ಬೇರೆಯೇ ಎಂಬುದು ಸಂಗೀತ ನಿರ್ದೇಶಕರ ಕಡೆಯ ಮಾತು. ಬರೀ ರಾಗವಲ್ಲ, ಹಾಡು ಕಟ್ಟಿದ ರೀತಿಯೇ ನಮ್ಮದು ಎಂಬುದು ಬ್ಯಾಂಡಿನ ಮಾತು. ರಾಗ ಯಾರ ಸ್ವತ್ತೂ ಅಲ್ಲ. ಆದರೆ ಅದೇ ರಾಗದಲ್ಲಿ ಒಬ್ಬರು ಕುಳಿತು ಕಟ್ಟಿದ ಹಾಡು ಅವರ ಸ್ವತ್ತು. ಮಣ್ಣು ಊರಿನ ಕೆರೆಯದು, ಮಡಕೆ ಮಾಡಿದವನದು. ಎರಡರ ನಡುವಿನ ಗೆರೆ ಎಲ್ಲಿ ಎಂಬುದೇ ಇಂತಹ ಎಲ್ಲ ವ್ಯಾಜ್ಯಗಳ ಪ್ರಶ್ನೆ.

ಸ್ವರಗಳ ಲೆಕ್ಕ

ಬಿಎಸ್ಸಿ ಓದಿದವನಿಗೆ ಲೆಕ್ಕ ಮಾಡದೆ ಇರಲು ಆಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನಗಳಿವೆ. ಎಂಟು ಸ್ವರದ ಒಂದು ಸಾಲನ್ನು ಹೇಗೆ ಬೇಕಾದರೂ ಜೋಡಿಸಬಹುದು ಎಂದುಕೊಂಡರೆ 12ರ ಎಂಟನೆಯ ಘಾತ, ಅಂದರೆ ಸುಮಾರು 43 ಕೋಟಿ ಸಾಲುಗಳು ಸಿಗುತ್ತವೆ. ಸಾಕಷ್ಟು ದೊಡ್ಡದೇ. ಆದರೆ ಯಾರೂ ಹಾಗೆ ಹಾಡು ಕಟ್ಟುವುದಿಲ್ಲ. ಮೋಹನದಂತಹ ಐದು ಸ್ವರದ ರಾಗ ಹಿಡಿದರೆ ಅದು 5ರ ಎಂಟನೆಯ ಘಾತಕ್ಕೆ, 3,90,625ಕ್ಕೆ ಇಳಿಯುತ್ತದೆ. ಜನ ಸುಲಭವಾಗಿ ಗುನುಗಬೇಕಾದರೆ ಸ್ವರ ದೂರ ಹಾರಬಾರದು. ಇದ್ದಲ್ಲೇ ಇರಬೇಕು, ಇಲ್ಲವೇ ಪಕ್ಕದ ಮೆಟ್ಟಿಲು ಹತ್ತಬೇಕು ಅಥವಾ ಇಳಿಯಬೇಕು. ಆಗ ಒಂದೇ ಸ್ಥಾಯಿಯೊಳಗೆ 11,000 ಸಾಲುಗಳೂ ಉಳಿಯುವುದಿಲ್ಲ. ವರ್ಷವರ್ಷವೂ ಎಲ್ಲ ಭಾಷೆಗಳಲ್ಲಿ ಸಾವಿರಾರು ಹಾಡು ಹುಟ್ಟುತ್ತಿರುವಾಗ ಎರಡು ಸಾಲು ಒಂದನ್ನೊಂದು ಹೋಲದಿದ್ದರೇ ಆಶ್ಚರ್ಯ. ತಾಳ, ಲಯ, ಸ್ವರದ ಉದ್ದ ಸೇರಿದಾಗ ಈ ಸಂಖ್ಯೆ ಮತ್ತೆ ಬೆಳೆಯುತ್ತದೆ ನಿಜ. ಆದರೂ ಜನಪ್ರಿಯ ಹಾಡಿನ ಹೊಲ ನಾವು ಅಂದುಕೊಂಡಷ್ಟು ವಿಶಾಲವಲ್ಲ.

ಇದನ್ನೇ ತೋರಿಸಲು ಅಮೆರಿಕದ ಡೇಮಿಯನ್ ರೀಲ್ ಮತ್ತು ನೋವಾ ರೂಬಿನ್ ಎಂಬಿಬ್ಬರು ಕಂಪ್ಯೂಟರಿಗೆ ಕೆಲಸ ಕೊಟ್ಟರು. ಎಂಟು ಸ್ವರಗಳಿಂದ ಹನ್ನೆರಡು ಸ್ವರದ ಸಾಲುಗಳು ಎಷ್ಟು ಸಾಧ್ಯವೋ ಅಷ್ಟನ್ನೂ, ಅಂದರೆ 8ರ ಹನ್ನೆರಡನೆಯ ಘಾತದಷ್ಟು, ಸುಮಾರು 6,870 ಕೋಟಿ ಟ್ಯೂನುಗಳನ್ನು ಹುಟ್ಟಿಸಿ, ಇವು ಎಲ್ಲರಿಗೂ ಸೇರಿದ್ದು ಎಂದು ಘೋಷಿಸಿಬಿಟ್ಟರು. ನ್ಯಾಯಾಲಯ ಅದನ್ನು ಒಪ್ಪುತ್ತದೆಯೇ ಎಂಬುದು ಬೇರೆ ಮಾತು. ಅವರು ಹೇಳಹೊರಟದ್ದು ಮಾತ್ರ ಸರಿಯಾಗಿದೆ: ಸ್ವರಗಳ ಸಣ್ಣ ಸಾಲೊಂದಕ್ಕೆ ಬೇಲಿ ಹಾಕಿ "ಇದು ನನ್ನದು" ಅನ್ನುವುದಕ್ಕೆ ಒಂದು ಮಿತಿ ಬೇಕು.

ನ್ಯಾಯಾಲಯಗಳು ಏನು ಕೇಳುತ್ತವೆ?

ಹಾಗೆಂದು ಎಲ್ಲವೂ ಕಾಕತಾಳೀಯವೇ? ಅದೂ ಅಲ್ಲ. ನ್ಯಾಯಾಲಯಗಳು ಸಾಮಾನ್ಯವಾಗಿ ಮೂರು ವಿಷಯ ನೋಡುತ್ತವೆ. ಎರಡನೆಯವರು ಮೊದಲ ಹಾಡನ್ನು ಕೇಳಿರುವ ಸಾಧ್ಯತೆ ಇತ್ತೇ? ಹೋಲುವ ಭಾಗ ಒಬ್ಬರ ಸ್ವಂತ ಸೃಷ್ಟಿಯೋ, ಎಲ್ಲರೂ ಬಳಸುವ ಸಾಮಾನ್ಯ ಸರಕೋ? ತೆಗೆದುಕೊಂಡದ್ದು ಹಾಡಿನ ಜೀವಾಳವೋ, ಅಂಚಿನ ತುಣುಕೋ?

ಮೊದಲ ಪ್ರಶ್ನೆಗೆ ಹಳೆಯ ಉದಾಹರಣೆ ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಅವರದು. 1970ರಲ್ಲಿ ಅವರ 'ಮೈ ಸ್ವೀಟ್ ಲಾರ್ಡ್' ಬಂತು, ದೇವರನ್ನು ಕಾಣುವ ಹಂಬಲದ ಹಾಡು. ಅದು 1963ರ 'ಹೀಸ್ ಸೋ ಫೈನ್' ಎಂಬ ಹಾಡನ್ನು ಹೋಲುತ್ತದೆಂದು ದಾವೆ ಬಿತ್ತು. ಹ್ಯಾರಿಸನ್ ತಮಗೆ ಸ್ಫೂರ್ತಿ 'ಓ ಹ್ಯಾಪಿ ಡೇ' ಎಂಬ ಕ್ರೈಸ್ತ ಗೀತೆ ಎಂದರು. 1976ರಲ್ಲಿ ನ್ಯಾಯಾಧೀಶರು, ಅವರು ಬೇಕೆಂದು ಕದ್ದಿಲ್ಲ, ಆದರೆ ಎಂದೋ ಕೇಳಿದ ಹಾಡು ಒಳಮನಸ್ಸಿನಲ್ಲಿ ಕುಳಿತು ಹೊಸದೆಂಬಂತೆ ಹೊರಬಂದಿದೆ, ಅದೂ ಉಲ್ಲಂಘನೆಯೇ ಎಂದು ತೀರ್ಪಿತ್ತರು. ಹಾಡು ಬರೆಯುವ ನಮ್ಮ ಮಿತ್ರರು ಇದನ್ನು ನೆನಪಿಡಬೇಕು. ರಾತ್ರಿ ಸುಮ್ಮನೆ ಹೊಳೆದ ರಾಗ ನಿಜಕ್ಕೂ ಹೊಳೆದದ್ದೋ, ನೆನಪಾದದ್ದೋ ಎಂದು ಇನ್ನಿಬ್ಬರಿಗೆ ಹಾಡಿ ತೋರಿಸಿ ಕೇಳುವುದು ಒಳ್ಳೆಯ ಅಭ್ಯಾಸ.

ಎರಡನೆಯ ಪ್ರಶ್ನೆಗೆ ನಮ್ಮವರೇ ಎನ್ನಬಹುದಾದ ಒಬ್ಬರ ಪ್ರಕರಣವಿದೆ. ಫ್ಲೇಮ್ ಎಂಬ ಹೆಸರಿನಲ್ಲಿ ಹಾಡುವ ಅಮೆರಿಕದ ಕ್ರೈಸ್ತ ರ್‍ಯಾಪ್ ಗಾಯಕ 2008ರಲ್ಲಿ 'ಜಾಯ್‌ಫುಲ್ ನಾಯ್ಸ್' ಹಾಡು ತಂದರು. 2013ರಲ್ಲಿ ಕೇಟಿ ಪೆರಿ ಅವರ 'ಡಾರ್ಕ್ ಹಾರ್ಸ್' ಬಂತು. ಹಿನ್ನೆಲೆಯಲ್ಲಿ ಮರುಕಳಿಸುವ ಎಂಟು ಸ್ವರದ ಗುಚ್ಛ ತಮ್ಮ ಹಾಡಿನದು ಎಂದು ಫ್ಲೇಮ್ ಮತ್ತು ಜೊತೆಗಾರರು ದಾವೆ ಹೂಡಿದರು. ಮಾಟಮಂತ್ರದ ಚಿತ್ರಗಳಿರುವ ಹಾಡಿನ ಜೊತೆ ತಮ್ಮ ಭಕ್ತಿಯ ಹಾಡು ತಳಕು ಹಾಕಿಕೊಂಡಿತೆಂಬ ನೋವೂ ಅವರ ದೂರಿನಲ್ಲಿತ್ತು. 2019ರಲ್ಲಿ ಜ್ಯೂರಿ ಅವರ ಪರ ನಿಂತು ಸುಮಾರು 28 ಲಕ್ಷ ಡಾಲರ್ ಪರಿಹಾರ ಹೇಳಿತು. ಆದರೆ 2020ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ಸ್ವರಗುಚ್ಛ ತೀರ ಸಾಮಾನ್ಯವಾದ ಅಂಶಗಳಿಂದ ಕಟ್ಟಿದ್ದು, ಅದರ ಮೇಲೆ ಒಬ್ಬರ ಹಕ್ಕು ಒಪ್ಪಿದರೆ ಸಂಗೀತದ ಮೂಲ ಸಾಮಗ್ರಿಯನ್ನೇ ಒಬ್ಬರ ಕೈಗೆ ಕೊಟ್ಟಂತೆ ಎಂಬುದು ಕಾರಣ. ದೂರು ಕೊಟ್ಟವರು ನಮ್ಮ ವಿಶ್ವಾಸದವರು ಎಂದ ಮಾತ್ರಕ್ಕೆ ಅವರದ್ದೇ ಸರಿ ಎಂದು ನಾವು ಹೇಳಲಾಗದು. ನನಗೆ ಈ ಕೊನೆಯ ತೀರ್ಪೇ ಸರಿ ಅನ್ನಿಸುತ್ತದೆ. 2023ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಜ್ಯೂರಿ ಎಡ್ ಶೀರನ್ ಪರವಾಗಿ ತೀರ್ಪು ಕೊಟ್ಟದ್ದೂ ಇದೇ ದಾರಿಯಲ್ಲಿ. ಅವರು ಗಿಟಾರ್ ಹಿಡಿದು ನ್ಯಾಯಾಲಯದಲ್ಲೇ ನುಡಿಸಿ, ಆ ಕಾರ್ಡ್‌ಗಳು ಎಷ್ಟೋ ಹಾಡುಗಳಿಗೆ ಸಾಮಾನ್ಯವೆಂದು ತೋರಿಸಿದ್ದರು.

ಮೂರನೆಯ ಪ್ರಶ್ನೆಗೆ ನಮ್ಮ ದೇಶದ್ದೇ ಉದಾಹರಣೆ. 2008ರಲ್ಲಿ 'ಕ್ರೇಜಿ 4' ಎಂಬ ಹಿಂದಿ ಚಿತ್ರದ ಹಾಡು, ರಾಮ್ ಸಂಪತ್ ಅವರು ಸೋನಿ ಎರಿಕ್ಸನ್ ಮೊಬೈಲ್ ಜಾಹೀರಾತಿಗೆ ಮಾಡಿದ್ದ ಚಿಕ್ಕ ಸಂಗೀತದಿಂದ ತೆಗೆದದ್ದು ಎಂಬ ದೂರು ಬಾಂಬೆ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಹಾಡು ಕೇಳಿ ರಾಮ್ ಸಂಪತ್ ಪರ ನಿಂತಿತು. ಕೊನೆಗೆ 2 ಕೋಟಿ ರೂಪಾಯಿಗೆ ರಾಜಿಯಾಯಿತು. "ಇಷ್ಟು ಸೆಕೆಂಡಿನೊಳಗೆ ತೆಗೆದುಕೊಂಡರೆ ಕಾಪಿರೈಟ್ ಇಲ್ಲ" ಎಂದು ನಮ್ಮ ಹುಡುಗರು ಹೇಳುವ ಮಾತಿದೆಯಲ್ಲ, ಅಂತಹ ಸೆಕೆಂಡಿನ ನಿಯಮ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಚಿಕ್ಕದಾದರೂ ಜೀವಾಳವನ್ನೇ ತೆಗೆದರೆ ಅದು ತೆಗೆದದ್ದೇ.

ಈ ಪ್ರಶ್ನೆಗಳು ಎಷ್ಟು ಸೂಕ್ಷ್ಮ ಎಂಬುದಕ್ಕೆ ಎ.ಆರ್. ರೆಹಮಾನ್ ಪ್ರಕರಣ ಸಾಕ್ಷಿ. 'ಪೊನ್ನಿಯಿನ್ ಸೆಲ್ವನ್ 2' ಚಿತ್ರದ 'ವೀರಾ ರಾಜ ವೀರ' ಹಾಡು ತಮ್ಮ ತಂದೆ ಮತ್ತು ತಂದೆಯ ಸಹೋದರನ 'ಶಿವ ಸ್ತುತಿ'ಯಿಂದ ಬಂದದ್ದು ಎಂದು ಧ್ರುಪದ್ ಗಾಯಕ ಉಸ್ತಾದ್ ಫಯಾಜ್ ವಾಸಿಫುದ್ದೀನ್ ಡಾಗರ್ ದಾವೆ ಹೂಡಿದರು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ, 2 ಕೋಟಿ ರೂಪಾಯಿ ಠೇವಣಿ ಇಡಬೇಕು, ಡಾಗರ್ ಸಹೋದರರ ಹೆಸರು ಹಾಕಬೇಕು ಎಂದಿತು. ಸೆಪ್ಟೆಂಬರ್‌ನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಮಾಡಿತು. ಒಂದು ಕೃತಿಯನ್ನು ಅವರು ಹಾಡಿದ್ದಾರೆ ಎಂಬುದರಿಂದ ಅವರೇ ರಚಿಸಿದ್ದಾರೆ ಎಂದು ತೀರ್ಮಾನಿಸಲಾಗದು ಎಂಬುದು ಮೇಲಿನ ಪೀಠದ ಮಾತು. ವರ್ಷಗಟ್ಟಲೆ ಕಾನೂನು ಓದಿದವರೇ ಒಂದೇ ಹಾಡಿನ ಬಗ್ಗೆ ಎರಡು ತೀರ್ಮಾನಕ್ಕೆ ಬರುವಾಗ, ಮೂವತ್ತು ಸೆಕೆಂಡಿನ ವಿಡಿಯೊ ನೋಡಿ ಒಬ್ಬ ಸಂಗೀತಗಾರನನ್ನು ಕಳ್ಳ ಎಂದು ಸ್ಟೇಟಸ್ ಹಾಕುವುದು ಎಷ್ಟು ಸರಿ? ಕದಿಯುವುದು ಪಾಪವೆಂದು ಕಲಿತ ನಾವೇ, ಇನ್ನೊಬ್ಬರ ಮೇಲೆ ಸುಳ್ಳು ಸಾಕ್ಷಿ ಹೇಳುವುದೂ ಪಾಪವೆಂದು ಕಲಿತಿದ್ದೇವೆ.

ಹೋಲುವುದು ಬೇರೆ, ಬಳಸುವುದು ಬೇರೆ

ಇನ್ನೊಂದು ಗೊಂದಲ ಬಿಡಿಸಿಕೊಳ್ಳಬೇಕು. ಹಾಡು ಇನ್ನೊಂದರಂತೆ ಕೇಳಿಸುವುದು ಒಂದು ವಿಷಯ. ಇನ್ನೊಬ್ಬರ ಹಾಡನ್ನೇ ಎತ್ತಿ ಬಳಸುವುದು ಬೇರೆ ವಿಷಯ. ಕನ್ನಡದಲ್ಲೇ ಎರಡಕ್ಕೂ ಉದಾಹರಣೆ ಇದೆ. 2016ರಲ್ಲಿ 'ಕಿರಿಕ್ ಪಾರ್ಟಿ' ಬಿಡುಗಡೆಯ ಹೊತ್ತಿಗೆ, ಅದರ ಒಂದು ಹಾಡು 'ಶಾಂತಿ ಕ್ರಾಂತಿ' ಚಿತ್ರಕ್ಕೆ ಹಂಸಲೇಖ ಮಾಡಿದ್ದ ಹಾಡಿನಿಂದ ಬಂದಿದೆ ಎಂದು ಲಹರಿ ಸಂಸ್ಥೆ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಯಿತು. ಅದು ಹೋಲಿಕೆಯ ಜಗಳ. 2024ರ 'ಬ್ಯಾಚುಲರ್ ಪಾರ್ಟಿ' ಚಿತ್ರದ ವಿಷಯ ಹಾಗಲ್ಲ. 'ನ್ಯಾಯ ಎಲ್ಲಿದೆ' ಮತ್ತು 'ಗಾಳಿಮಾತು' ಎಂಬ ಹಳೆಯ ಚಿತ್ರಗಳ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು ಎಂಆರ್‌ಟಿ ಮ್ಯೂಸಿಕ್ ದೂರಿತು. ದೆಹಲಿ ಹೈಕೋರ್ಟ್ ಆಗಸ್ಟ್ ತಿಂಗಳಲ್ಲಿ 20 ಲಕ್ಷ ರೂಪಾಯಿ ಠೇವಣಿ ಇಡುವಂತೆ ನಿರ್ಮಾಪಕರಿಗೆ ಹೇಳಿತು.

ನಮ್ಮ ಧರ್ಮಕೇಂದ್ರಗಳ ಯುವಕರು ಮಾಡುವುದು ಹೆಚ್ಚಾಗಿ ಈ ಎರಡನೆಯ ಬಗೆಯದು. ಹೋಲುವಂತಹ ಹಾಡನ್ನು ನಾವು ಕಟ್ಟುವುದಿಲ್ಲ, ಇದ್ದ ಹಾಡನ್ನೇ ತೆಗೆದುಕೊಂಡು ಮಾತು ಬದಲಿಸುತ್ತೇವೆ. ಆದ್ದರಿಂದ ದೊಡ್ಡವರ ಜಗಳ ನೋಡಿ ನಗುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ.

ಮಾತು ಒಬ್ಬರದು, ರಾಗ ಒಬ್ಬರದು

ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಬೇರೆ ಕೃತಿ, ಸಂಗೀತ ಬೇರೆ ಕೃತಿ, ಅದರ ರೆಕಾರ್ಡಿಂಗ್ ಇನ್ನೂ ಬೇರೆ. ಬರೆದವರ, ರಾಗ ಹಾಕಿದವರ ಹಕ್ಕು ಅವರ ಜೀವಮಾನ ಮತ್ತು ಮರಣಾನಂತರ 60 ವರ್ಷ. ರೆಕಾರ್ಡಿಂಗ್‌ನದು ಪ್ರಕಟವಾದ ಮೇಲೆ 60 ವರ್ಷ.

ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ನಮ್ಮದೇ ಅನಂತಪುರ ಜಿಲ್ಲೆಯವರು, 1893ರಲ್ಲಿ ಹುಟ್ಟಿದವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಹುಕಾಲ ತೆಲುಗು ಕಲಿಸಿದವರು. ಹದಿನೈದನೆಯ ಶತಮಾನದ ಅನ್ನಮಾಚಾರ್ಯರ ಕೀರ್ತನೆಗಳು ತಿರುಮಲದಲ್ಲಿ ತಾಮ್ರಪತ್ರಗಳ ಮೇಲೆ ಸಿಕ್ಕಾಗ ಮಾತುಗಳು ಇದ್ದವು, ಹಾಡುವ ಧಾಟಿ ಕಾಲದಲ್ಲಿ ಕಳೆದುಹೋಗಿತ್ತು. ಅವುಗಳಲ್ಲಿ ಎಷ್ಟಕ್ಕೋ ಹೊಸದಾಗಿ ರಾಗ ಸಂಯೋಜಿಸಿದವರು ಶರ್ಮರು. ಅವರು ತೀರಿಕೊಂಡದ್ದು 1979ರಲ್ಲಿ. ಈಗ ಯೋಚಿಸಿ: "ಅನ್ನಮಾಚಾರ್ಯರ ಹಾಡು ಐನೂರು ವರ್ಷ ಹಳೆಯದು, ಅದಕ್ಕೆಂಥ ಕಾಪಿರೈಟ್?" ಎನ್ನುವವರು ಮಾತಿನ ಮಟ್ಟಿಗೆ ಸರಿ. ಆದರೆ ನಾವು ಕೇಳುವ ಆ ರಾಗಗಳ ಹಿಂದೆ ನಮ್ಮ ಜಿಲ್ಲೆಯ ಒಬ್ಬ ಮನುಷ್ಯನ ಇಪ್ಪತ್ತನೆಯ ಶತಮಾನದ ದುಡಿಮೆ ಇದೆ. ಹಾಡುವ ಎಷ್ಟು ಜನರಿಗೆ ಅವರ ಹೆಸರು ಗೊತ್ತು?

ನಮ್ಮ ಗೀತೆಗಳಿಗೂ ಇದೇ ಲೆಕ್ಕ. 'ಸೈಲೆಂಟ್ ನೈಟ್' ಹಾಡಿಗೆ ಫ್ರಾಂಜ್ ಗ್ರೂಬರ್ 1818ರಲ್ಲಿ ಹಾಕಿದ ರಾಗ ಈಗ ಲೋಕಕ್ಕೆಲ್ಲ ಸೇರಿದ್ದು. ಆದರೆ ಅದಕ್ಕೆ ಕಳೆದ ದಶಕದಲ್ಲಿ ಯಾರೋ ಒಬ್ಬರು ಬರೆದ ಕನ್ನಡ ಮಾತು ಅವರಿಗೇ ಸೇರಿದ್ದು. ಒಂದು ತೆಲುಗು ಕ್ರೈಸ್ತ ಗೀತೆಯನ್ನು ಕನ್ನಡಕ್ಕೆ ತರುತ್ತೇವೆ ಅನ್ನೋಣ: ಅನುವಾದ ಮಾಡುವ ಹಕ್ಕು ಮೂಲ ಬರೆದವರದು. ಅನುವಾದ ಚೆನ್ನಾಗಿ ಬಂದಿದ್ದರೂ, ಅದನ್ನು ಪ್ರಕಟಿಸುವ ಮೊದಲು ಅವರನ್ನು ಕೇಳಬೇಕು.

ಕಾನೂನು ನಮಗೆ ಕೊಟ್ಟದ್ದು, ಕೊಡದೇ ಇದ್ದದ್ದು

ಹೆದರಬೇಕಾಗಿಲ್ಲ. ಪೂಜೆಯಲ್ಲಿ ಹಾಡಲೂ ಅನುಮತಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಪ್ರಾಮಾಣಿಕವಾಗಿ ನಡೆಯುವ ಧಾರ್ಮಿಕ ವಿಧಿಯಲ್ಲಿ ಹಾಡುವುದು, ನುಡಿಸುವುದು ಉಲ್ಲಂಘನೆಯಲ್ಲ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂತೋಷಕೂಟಗಳೂ ಅದರಲ್ಲಿ ಸೇರಿವೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ, ಅಥವಾ ಒಂದು ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹಾಡಿದರೂ ತಪ್ಪಿಲ್ಲ. ಅಂದರೆ ನಮ್ಮ ಭಾನುವಾರದ ಬಲಿಪೂಜೆ, ಹಬ್ಬದ ಮೆರವಣಿಗೆ, ಯುವಕರ ಕ್ರಿಸ್ಮಸ್ ಕಾರ್ಯಕ್ರಮ, ಮನೆಮನೆಗೆ ಹೋಗಿ ಹಾಡುವ ಕ್ಯಾರಲ್, ಇವೆಲ್ಲ ನಿಶ್ಚಿಂತೆ.

ಆದರೆ ಈ ರಿಯಾಯಿತಿ ಹಾಡುವ ಹೊತ್ತಿಗೆ ಮಾತ್ರ. ಅದೇ ಹಾಡನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ ಕ್ಷಣ ಅದು ಧಾರ್ಮಿಕ ವಿಧಿಯಾಗಿ ಉಳಿಯುವುದಿಲ್ಲ, ಪ್ರಕಟಣೆಯಾಗುತ್ತದೆ. ಪುಸ್ತಕವಾಗಿ ಅಚ್ಚು ಹಾಕಿಸಿದರೂ ಹಾಗೆಯೇ. ಯೂಟ್ಯೂಬಿನ ಯಂತ್ರ ರಾಗವನ್ನು ಗುರುತಿಸಿದರೆ ವಿಡಿಯೊ ನಿಲ್ಲಬಹುದು, ಇಲ್ಲವೇ ಅದರ ಜಾಹೀರಾತಿನ ಹಣ ಮೂಲದವರಿಗೆ ಹೋಗಬಹುದು. ಹಕ್ಕುದಾರರೇ ತೆಗೆಸಿದರೆ ಒಂದು ಸ್ಟ್ರೈಕ್. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಮುಚ್ಚಬಹುದು. ಅದರ ಜೊತೆಗೆ ಹೋಗುವುದು ಒಂದು ಹಾಡಲ್ಲ. ವರ್ಷಗಳಿಂದ ಹಾಕಿದ ಪ್ರಥಮ ಪರಮಪ್ರಸಾದದ ವಿಡಿಯೊ, ತೀರಿಹೋದ ಹಿರಿಯರ ದನಿ, ಎಲ್ಲವೂ.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಅದನ್ನು ಹಗುರವಾಗಿ ತಳ್ಳಲಾಗದು. "ನಾವು ದುಡ್ಡಿಗೆ ಹಾಡುವುದಿಲ್ಲ, ದೇವರಿಗೆ ಹಾಡುತ್ತೇವೆ. ದೇವರ ಹಾಡಿಗೆ ಮಾಲೀಕ ಯಾರು? ಇಷ್ಟಕ್ಕೂ ಕಾಪಿರೈಟ್ ಅನ್ನುವುದು ದೊಡ್ಡ ಕಂಪನಿಗಳ ಆಟ." ಕಂಪನಿಗಳ ಬಗ್ಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. 'ಹ್ಯಾಪಿ ಬರ್ತ್‌ಡೇ' ಹಾಡಿಗೆ ಅಮೆರಿಕದ ಒಂದು ದೊಡ್ಡ ಕಂಪನಿ ದಶಕಗಳ ಕಾಲ ಹಣ ವಸೂಲು ಮಾಡುತ್ತಿತ್ತು. ಆ ಮಾತಿನ ಮೇಲೆ ಅದಕ್ಕೆ ಸರಿಯಾದ ಹಕ್ಕೇ ಇಲ್ಲವೆಂದು 2015ರಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಮರುವರ್ಷ 1 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಯಿತು. ಎಲ್ಲರದ್ದನ್ನು ತನ್ನದು ಅನ್ನುವುದೂ ಒಂದು ಬಗೆಯ ಕಳ್ಳತನವೇ.

ಆದರೆ ದೇವರ ಹಾಡಿಗೆ ಮಾಲೀಕರಿಲ್ಲ ಎಂಬ ಮಾತಿನಿಂದ ನಿಜವಾಗಿ ನಷ್ಟವಾಗುವುದು ಕಂಪನಿಗಳಿಗಲ್ಲ, ನಮ್ಮಂಥವರಿಗೇ. ಸ್ವಲ್ಪ ನೋಡಿ. ಹಳ್ಳಿಯ ಚಿಕ್ಕ ದೇವಾಲಯದಲ್ಲಿ ಒಬ್ಬ ಉಪದೇಶಿ, ಕೂಲಿನಾಲಿ ಮುಗಿಸಿ ರಾತ್ರಿ ಕುಳಿತು ಹಾಡು ಕಟ್ಟುತ್ತಾರೆ. ಹಾರ್ಮೋನಿಯಂ ಹಿಡಿದು ಮಕ್ಕಳಿಗೆ ಕಲಿಸುತ್ತಾರೆ. ಹಾಡು ಬಾಯಿಂದ ಬಾಯಿಗೆ ಹೋಗಿ, ಒಂದು ದಿನ ಯಾವುದೋ ಸ್ಟುಡಿಯೊದಲ್ಲಿ ಕೀಬೋರ್ಡು ತಬಲಾ ಸೇರಿ ಚಂದದ ವಿಡಿಯೊ ಆಗುತ್ತದೆ. ಅದರಲ್ಲಿ ಹಾಡಿದವರ ಹೆಸರಿರುತ್ತದೆ, ಕ್ಯಾಮೆರಾ ಹಿಡಿದವರ ಹೆಸರಿರುತ್ತದೆ, ಡ್ರೋನ್ ಹಾರಿಸಿದವರ ಹೆಸರೂ ಇರುತ್ತದೆ. ಬರೆದವರ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ಇರುತ್ತದೆ. ಆ ಮನುಷ್ಯ ನ್ಯಾಯಾಲಯಕ್ಕೆ ಹೋಗುವವನಲ್ಲ, ವಕೀಲರಿಗೆ ಕೊಡಲು ಅವನ ಹತ್ತಿರ ಹಣವಿಲ್ಲ. ಸಂಗೀತ ಸಂಸ್ಥೆಗಳಿಗೆ ವಕೀಲರಿದ್ದಾರೆ; ಉಪದೇಶಿಗೆ ಇರುವುದು ನಮ್ಮ ಮನಸ್ಸಾಕ್ಷಿ ಒಂದೇ. ನಮ್ಮ ಕಾಯ್ದೆ, ಹಕ್ಕನ್ನು ಮಾರಿದ ಮೇಲೂ ಕೃತಿಕಾರನಿಗೆ "ಇದು ನನ್ನ ಕೃತಿ" ಎಂದು ಹೇಳಿಕೊಳ್ಳುವ ನೈತಿಕ ಹಕ್ಕು ಉಳಿಯುತ್ತದೆ ಎನ್ನುತ್ತದೆ. ದುಡ್ಡು ಕೊಡಲಾಗದಿದ್ದರೂ ಹೆಸರು ಕೊಡಲು ಯಾರಿಗೆ ಬಡತನ?

ಹಾಗಾದರೆ ಏನು ಮಾಡೋಣ?

ನನ್ನ ಕೆಲವು ಸಲಹೆಗಳಿವೆ. ಎಲ್ಲರೂ ಒಪ್ಪಬೇಕೆಂದಿಲ್ಲ, ಯುವಕೂಟದಲ್ಲಿ ಚರ್ಚಿಸೋಣ.

ಮೊದಲನೆಯದು, ಗಾನವೃಂದದ ಪ್ರತಿ ನೋಟುಪುಸ್ತಕದಲ್ಲೂ ಹಾಡಿನ ತಲೆಯ ಮೇಲೆ ಮೂರು ಗೆರೆ ಬಿಡೋಣ: ಮಾತು ಯಾರದು, ರಾಗ ಯಾರದು, ಅನುವಾದವಾದರೆ ಯಾವ ಭಾಷೆಯಿಂದ. ಗೊತ್ತಿಲ್ಲದಿದ್ದರೆ 'ಸಾಂಪ್ರದಾಯಿಕ' ಎಂದು ಬರೆಯಬಾರದು, 'ತಿಳಿಯದು' ಎಂದು ಬರೆಯಬೇಕು. ತಿಳಿಯದು ಅಂದರೆ ಹುಡುಕಬೇಕು ಎಂದರ್ಥ. ನಮ್ಮ ಅಜ್ಜ-ಅಜ್ಜಿಯರಲ್ಲಿ ಕೇಳಿದರೆ ಅರ್ಧ ಹೆಸರುಗಳಾದರೂ ಸಿಕ್ಕಾವು, ಅವರು ಇರುವಾಗಲೇ ಕೇಳೋಣ.

ಎರಡನೆಯದು, ಯೂಟ್ಯೂಬಿಗೆ ಹಾಕುವ ಮೊದಲು ಅನುಮತಿ ಕೇಳೋಣ. ತೆಲುಗಿನ ಕ್ರೈಸ್ತ ಗೀತೆ ಬರೆದವರಲ್ಲಿ ಅನೇಕರ ಸಂಪರ್ಕ ಅವರವರ ಚಾನೆಲ್ಲಿನಲ್ಲೇ ಇರುತ್ತದೆ. ಗೌರವದಿಂದ ಒಂದು ಸಂದೇಶ ಕಳಿಸಿದರೆ ಕೆಲವರು ಸಂತೋಷದಿಂದ ಒಪ್ಪುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬೇಡ ಅಂದರೆ ದೇವಾಲಯದಲ್ಲಿ ಹಾಡೋಣ, ಇಂಟರ್‌ನೆಟ್ಟಿಗೆ ಬೇಡ.

ಮೂರನೆಯದು ಕೆಲವರಿಗೆ ಕಹಿ ಅನ್ನಿಸಬಹುದು: ಸಿನಿಮಾ ಹಾಡಿನ ಟ್ಯೂನಿಗೆ ಯೇಸುಸ್ವಾಮಿಯ ಹೆಸರು ಕೂರಿಸಿ ಹೊಸ ಹಾಡು ಎನ್ನುವುದನ್ನು ಬಿಡೋಣ. ಹಾಡುವಾಗ ಬಾಯಲ್ಲಿ ದೇವರಿದ್ದರೂ ಕೇಳುವವರ ಕಣ್ಣಮುಂದೆ ಹೀರೊ ಕುಣಿಯುತ್ತಿರುತ್ತಾನೆ. ಟ್ಯೂನಿಗೇನು ನಮ್ಮಲ್ಲಿ ಬರವೇ? ನಮ್ಮ ಸೀಮೆಯ ಸೋಬಾನೆ ಪದ, ಕೋಲಾಟದ ಪದ, ಬೀಸುವಾಗ ಕುಟ್ಟುವಾಗ ಹೇಳುತ್ತಿದ್ದ ಪದಗಳ ಧಾಟಿ ಯಾವ ಕಂಪನಿಯದೂ ಅಲ್ಲ. ಅವು ಎಲ್ಲರ ಕೆರೆಯ ಮಣ್ಣು. ಅದರಿಂದ ನಮ್ಮ ಕೈಯಾರೆ ಒಂದು ಮಡಕೆ ಮಾಡಿದರೆ ಅದು ವಕ್ರವಾಗಿದ್ದರೂ ನಮ್ಮದು.

ನಾಲ್ಕನೆಯದು, "ಕಾಪಿ" ಎಂಬ ವಿಡಿಯೊ ಮುಂದಕ್ಕೆ ಕಳಿಸುವ ಮೊದಲು ಎರಡೂ ಹಾಡನ್ನು ಪೂರ್ತಿ ಕೇಳೋಣ. ಹೋಲುವುದು ರಾಗವೋ, ತಾಳವೋ, ವಾದ್ಯದ ಸದ್ದೋ, ಇಡೀ ಸಾಲೋ? ಸಂಗೀತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೇಳಿದ ಮೇಲೂ ಅನುಮಾನ ಇದ್ದರೆ "ಹೋಲುತ್ತದೆ" ಅನ್ನೋಣ, "ಕದ್ದಿದ್ದಾರೆ" ಅನ್ನುವುದನ್ನು ವಿಚಾರಣೆ ನಡೆಸುವವರಿಗೆ ಬಿಡೋಣ.

ಈ ಬಾರಿ ಕ್ರಿಸ್ಮಸ್ ಕ್ಯಾರಲ್‌ಗೆ ಅಭ್ಯಾಸ ಶುರುವಾಗುವ ಮೊದಲು ಹಾಡಿನ ಪಟ್ಟಿ ಮಾಡುತ್ತೇವೆ. ನಿಮ್ಮ ಊರಿನಲ್ಲಿ ಹಾಡು ಕಟ್ಟಿದವರು ಯಾರಾದರೂ ಇದ್ದರೆ, ಅಥವಾ ಇದ್ದರೆಂದು ಮನೆಯ ಹಿರಿಯರು ಹೇಳಿದರೆ, ಆ ಹೆಸರನ್ನೂ ಹಾಡನ್ನೂ ಬರೆದು ಪೂಜೆಯ ನಂತರ ನನ್ನ ಕೈಗೆ ಕೊಡಿ. ಪಟ್ಟಿಯಲ್ಲಿ ಅವರ ಹೆಸರು ಹಾಡಿನ ಪಕ್ಕದಲ್ಲೇ ಇರುತ್ತದೆ.